ಮಾಮನ ಆನಿ ಚಣ್ಣ

ಹೋದ ಶುಕ್ರವಾರ ಸಂಜೆ ಶಾಲೆ ಬಿಟ್ಟ ಮೇಲೆ ಹೊಸಪೇಟೆಯ ಬಜಾರಿನಲ್ಲಿ ಒಂದು ಅಂಗಡಿಗೆ ಹೋಗಿದ್ದೆ. ತಾಡಪಾಲು, ರೇನ್‌ಕೋಟು, ಗಂಬೂಟು, ಬೆಳೆಗೆ ಔಷಧಿ ಹೊಡೆಯುವವರ ಕೈಗವಸು, ಇಂಥವನ್ನೆಲ್ಲ ಮಾರುವ ಅಂಗಡಿ ಅದು. ನೀರಿಗಿಳಿಯುವಾಗ ಹಾಕಿಕೊಳ್ಳುವಂಥ ಪ್ಯಾಂಟು ಬೇಕು ಅಂದೆ. ಅಂಗಡಿಯವನು ಏಣಿ ಹತ್ತಿ, ಮೇಲಿನ ಅರೆಯಿಂದ ಒಂದು ಕಟ್ಟು ಇಳಿಸಿ, ಹೊದಿಕೆ ಹರಿದು, ಹಸಿರು ಪ್ಯಾಂಟೊಂದನ್ನು ಝಾಡಿಸಿ ನನ್ನ ಮುಂದೆ ಹರವಿದ. ಹೊಸ ರಬ್ಬರಿನ ವಾಸನೆ ಮುಖಕ್ಕೆ ಬಡಿಯಿತು. ಸೈಕಲ್ ಟ್ಯೂಬಿನದೋ ಹೊಸ ಚಪ್ಪಲಿಯದೋ ಇದ್ದ ಹಾಗೆ ಇರುವ, ನಿಮಗೂ ಚೆನ್ನಾಗಿ ಗೊತ್ತಿರುವ ವಾಸನೆ. ಹೆದರುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೂ ನಾನು ಗಾಜಿನ ಕಪಾಟಿಗೆ ಕೈ ಊರಿ ನಿಂತುಕೊಂಡೆ.

"ಯಾರ ಸೈಜ್ ಬೇಕ್ರಿ ಮೇಡಮ್?"

"ನಮ್ಮ ಮಾಮಂದು."

"ಎತ್ತರ ಅದಾರೇನ್ರಿ?"

ಎಷ್ಟು ಸಲೀಸಾದ ಪ್ರಶ್ನೆ. ನಾನು ಆ ಪ್ಯಾಂಟಿನ ಕಾಲುಗಳನ್ನೇ ನೋಡುತ್ತಿದ್ದೆ. ಅವನು ಮುಖ ನೋಡಿ ಒಂದು ಸ್ಟೂಲು ಸರಿಸಿದ. "ಕುಂದ್ರಿ. ಬಿಸಿಲಾಗ ಬಂದೀರಿ" ಎಂದು ನೀರಿನ ಬಾಟಲಿ ಕೊಟ್ಟ. ಹೊರಗೆ ಮಧ್ಯಾಹ್ನದಿಂದಲೇ ಮೋಡ ಕವಿದಿತ್ತು. ತಪ್ಪನ್ನು ಬಿಸಿಲಿನ ಮೇಲೆ ಹಾಕಿದ್ದು ಅವನ ಒಳ್ಳೆಯತನ. ಆ ಸ್ಟೂಲಿನ ಮೇಲೆ ಕುಳಿತು ನೆನೆದದ್ದನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ. ಎರಡು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿ, ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಾನು ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಮಾಡುವವಳು. ಭಾನುವಾರ ಬಂತೆಂದರೆ ಕೊರಳಿಗೆ ದುರ್ಬೀನು ಹಾಕಿಕೊಂಡು ಹಕ್ಕಿ ನೋಡಲು ಹೊರಡುತ್ತೇನೆ. ದರೋಜಿ ಕೆರೆ, ಕಂಪ್ಲಿಯ ಭತ್ತದ ಗದ್ದೆ, ಹಂಪಿಯ ಹೊಳೆದಂಡೆ, ಎಲ್ಲಿ ಹೋದರೂ ಹಕ್ಕಿಗಳಿರುವುದು ನೀರಿನ ಹತ್ತಿರವೇ, ಆದ್ದರಿಂದ ನನ್ನ ಕಾಲು ಯಾವಾಗಲೂ ಒದ್ದೆ. ಮೊದಲ ವರ್ಷ ಸೀರೆಯಲ್ಲೇ ಹೋದೆ. ಕೆರೆಯ ಜೊಂಡಿನ ನಡುವೆ ಎರಡೂ ಕೈಯಿಂದ ನೆರಿಗೆ ಎತ್ತಿ ಹಿಡಿದು ನಿಂತವಳಿಗೆ ದುರ್ಬೀನು ಹಿಡಿಯಲು ಮೂರನೆಯ ಕೈ ಇರಲಿಲ್ಲ. ಆಮೇಲೆ ಚೂಡಿದಾರ ಹಾಕಿದೆ. ಅದು ಮಧ್ಯಾಹ್ನದ ತನಕ ಒದ್ದೆಯಾಗಿಯೇ ಇದ್ದು ತೊಡೆಯೆಲ್ಲ ತುರಿಕೆ ಎದ್ದಿತು. ಬಸ್ ಸ್ಟ್ಯಾಂಡಿನ ಎದುರು ತಳ್ಳುಗಾಡಿಯಲ್ಲಿ ಒಂದು ಪ್ಲಾಸ್ಟಿಕ್ ಪ್ಯಾಂಟು ಕೊಂಡೆ. ಹೆಜ್ಜೆ ಇಟ್ಟಾಗಲೆಲ್ಲ ಅದು ಪರಪರ ಎನ್ನುತ್ತಿತ್ತು, ನಾನು ಬರುವ ಸುದ್ದಿ ನನಗಿಂತ ಮೊದಲೇ ಹಕ್ಕಿಗಳಿಗೆ ಮುಟ್ಟುತ್ತಿತ್ತು. ಕೊನೆಗೆ ಹಂಪಿಯ ಬಾಳೆತೋಟದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಾಗ ಹಿಂಭಾಗದಲ್ಲಿ ಉದ್ದಕ್ಕೆ ಸೀಳಿತು. ದುಪಟ್ಟಾ ಸೊಂಟಕ್ಕೆ ಸುತ್ತಿಕೊಂಡು ಊರು ಸೇರಿದೆ. ಅದಾದ ಮೇಲೆ ಬೈಕ್ ಸವಾರರ ನೈಲಾನ್ ಪ್ಯಾಂಟು. ಹೊರಗಿನ ನೀರು ಒಳಗೆ ಬರುತ್ತಿರಲಿಲ್ಲ, ಒಳಗಿನ ಬೆವರು ಹೊರಗೆ ಹೋಗುತ್ತಿರಲಿಲ್ಲ. ನಮ್ಮ ಕಡೆಯ ಸೆಖೆಯಲ್ಲಿ ಅದನ್ನು ಹಾಕಿಕೊಂಡು ಅರ್ಧ ತಾಸು ನಡೆದರೆ ಕೆರೆಗೆ ಇಳಿದಷ್ಟೇ ಒದ್ದೆ. ಇಷ್ಟೆಲ್ಲ ಕೆಡಿಸಿಕೊಂಡ ಮೇಲೆ ನಮ್ಮ ಬಂಧುಬಳಗದಲ್ಲಿ ನೀರು ತಡೆಯುವ ಪ್ಯಾಂಟಿನ ವಿಷಯಕ್ಕೆ ನಾನೇ ತಜ್ಞೆ ಎಂದಾಯಿತು. ಆ ಹೆಸರೇ ಮುಂದೆ ಮುಳುವಾಯಿತು.

ಮಾಮ ಎಂದರೆ ನನ್ನ ಅಕ್ಕನ ಗಂಡ, ಗಾದಿಲಿಂಗಪ್ಪ. ಸಂಡೂರಿನ ಒಂದು ಗಣಿಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ಅದಿರು ಸಾಗುವ ಬೆಲ್ಟಿನ ಮೇಲೆ ಬುಲ್ಡೋಜರಿನ ಮುರಿದ ಹಲ್ಲೋ ಬೋಲ್ಟೋ ಬಂದರೆ ಹಿಡಿದು ಹಾಕುವ ಯಂತ್ರವೊಂದು ಅಲ್ಲಿತ್ತಂತೆ, ಅದರ ಉಸ್ತುವಾರಿ ಅವರದು. ನಿವೃತ್ತಿಯಾದ ಮೇಲೆ ಕೈಯಲ್ಲಿ ಹಿಡಿದು ಓಡಾಡುವಂಥ ಲೋಹಶೋಧಕವೊಂದನ್ನು ತರಿಸಿಕೊಂಡರು. ಉದ್ದ ಕೋಲು, ತುದಿಯಲ್ಲಿ ತಟ್ಟೆಯಂಥ ಸುರುಳಿ, ಕಿವಿಗೆ ಹೆಡ್‌ಫೋನು. ಸಂಡೂರಿನ ನೆಲದಲ್ಲಿ ಮಣ್ಣಿಗಿಂತ ಕಬ್ಬಿಣವೇ ಹೆಚ್ಚು, ಅಂಗಳದಲ್ಲಿ ಎಲ್ಲಿಟ್ಟರೂ ಅದು ಬಿಡದೆ ಅರಚುತ್ತಿತ್ತು. ಹಾಗಾಗಿ ಮಾಮ ಕಂಪ್ಲಿಯ ಗದ್ದೆಗಳ ಕಡೆ ಹೊರಟರು. ನಾಟಿಯ ಕಾಲದಲ್ಲಿ ಹೆಂಗಸರು ದಿನವಿಡೀ ಕೆಸರಿನಲ್ಲಿ ಕೈ ಆಡಿಸುತ್ತಾರಲ್ಲ, ಉಂಗುರ, ಕಾಲುಂಗುರ, ಮೂಗಿನ ನತ್ತು ಎಲ್ಲ ಆ ಕೆಸರಿನ ಪಾಲಾಗುತ್ತವೆ. ಕಳಕೊಂಡವರು ಕರೆದರೆ ಮಾಮ ಹೋಗಿ ಹುಡುಕಿಕೊಡುತ್ತಿದ್ದರು. ಒಂದು ಲೋಟ ಚಹಾದ ಹೊರತು ಏನನ್ನೂ ಮುಟ್ಟುತ್ತಿರಲಿಲ್ಲ. ಹಂಪಿಯ ಸೀಮೆಯಲ್ಲಿ ಮಾತ್ರ ಯಂತ್ರ ಚೀಲದಿಂದ ಹೊರಗೆ ಬರುತ್ತಿರಲಿಲ್ಲ. "ಅಲ್ಲಿ ನಿಧಿ ಅಗಿಯೋ ಕಳ್ರು ತಿರುಗ್ತಾರ. ಅವ್ರ ಸಾಲಿನಾಗ ನಾ ನಿಲ್ಲಂಗಿಲ್ಲ" ಎನ್ನುತ್ತಿದ್ದರು.

ಈ ಹುಚ್ಚಿಗೆ ಅಕ್ಕನ ವಿರೋಧವಿರಲಿಲ್ಲ, ಅವಳ ಚಿಂತೆಯೆಲ್ಲ ಮಾಮನ ಪಾದದ್ದು. ಮಾಮನಿಗೆ ಸಕ್ಕರೆ ಕಾಯಿಲೆ. ಹಿಮ್ಮಡಿ ಸೀಳಿ, ಕೆಸರು ಕೂತು, ಒಂದು ಗಾಯ ಮೂರು ತಿಂಗಳು ಮಾಯಲಿಲ್ಲ. ಕಾಲು ಒಣಗಿರಬೇಕು ಎಂದು ಡಾಕ್ಟರು ಗದರಿಸಿ ಕಳಿಸಿದರು. ಅಕ್ಕ ಫೋನ್ ಮಾಡಿದಳು. "ಲೇ, ಒಂದು ಹನಿ ನೀರು ಒಳಗ ಹೋಗಬಾರ್ದು ನೋಡು, ಅಂಥಾ ಪ್ಯಾಂಟು ಹುಡುಕು. ನಿನಗ ಗೊತ್ತೈತಿ ಅವೆಲ್ಲ."

ಮೂರು ಸಂಜೆ ಮೊಬೈಲಿನಲ್ಲಿ ಹುಡುಕಿದೆ. ಬೇರೆ ಬೇರೆ ದೇಶದಲ್ಲಿ ಮೀನು ಹಿಡಿಯುವವರು ಹಾಕುವ ಒಂದು ಜಾತಿಯ ಪ್ಯಾಂಟು ಕಣ್ಣಿಗೆ ಬಿತ್ತು. ಅಡಿಯಲ್ಲಿ ಬೂಟು ಅಂಟಿಕೊಂಡೇ ಇರುತ್ತದೆ, ಮೇಲೆ ಎದೆಯ ತನಕ ಏರುತ್ತದೆ, ಹೆಗಲಿಗೆ ಎರಡು ಪಟ್ಟಿ. ಎಲ್ಲೂ ಒಂದು ತೂತಿಲ್ಲ. ಇದಕ್ಕಿಂತ ಭದ್ರವಾದದ್ದು ಇನ್ನಾವುದು ಎಂದು ಬೀಗಿ ತರಿಸಿದೆ. ಸಂಡೂರಿನ ಮನೆಯ ಪಡಸಾಲೆಯಲ್ಲಿ ಮಾಮ ಅದನ್ನು ಏರಿಸಿಕೊಂಡು ನಿಂತಾಗ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಆನಿಗೆ ಚಣ್ಣ ಹೊಲಿಸಿದಂಗ ಐತಿ" ಅಂದರು ಮಾಮ, ಕೆಳಗೆ ನೋಡಿಕೊಳ್ಳುತ್ತ. ಅಂದಿನಿಂದ ಅದರ ಹೆಸರು ಆನಿ ಚಣ್ಣ, ಆನೆಯ ಚಡ್ಡಿ. ಮೊದಲ ಎರಡು ವಾರ ಗದ್ದೆಗೆ ಹೋಗಿ ಬಂದಾಗಲೂ ಅವರ ಕಾಲ್ಚೀಲ ಒಣಗಿಯೇ ಇದ್ದವು. ಅಕ್ಕ ಆ ಕಾಲ್ಚೀಲ ಮುಟ್ಟಿ ನೋಡಿ ನನಗೆ ಫೋನು ಮಾಡಿದ್ದಳು, ಒಣಗಿದಾವು ಎಂದು ಹೇಳುವುದಕ್ಕೇ.

ಆಗಸ್ಟಿನ ಒಂದು ಶನಿವಾರ ಕಂಪ್ಲಿಯ ಕಡೆಯಿಂದ ಹುಲಿಗೆಮ್ಮ ಎಂಬಾಕೆ ಮಾಮನಿಗೆ ಫೋನ್ ಮಾಡಿದಳು. ನಾಟಿ ಕೆಲಸದ ಹೆಂಗಸು, ಹಿಂದಿನ ವರ್ಷ ಅವಳ ಕಾಲುಂಗುರವನ್ನು ಮಾಮ ಹುಡುಕಿಕೊಟ್ಟಿದ್ದರು. ಈ ಸಲ ಕಳೆದದ್ದು ಅವಳ ಮಗಳು ಈರಮ್ಮನ ತಾಳಿ ಸರ. ಮದುವೆಯಾಗಿ ಮೂರು ತಿಂಗಳ ಹುಡುಗಿ, ತವರಿಗೆ ಬಂದವಳು ಕಾಲುವೆಯ ಮೆಟ್ಟಿಲಿನಲ್ಲಿ ಬಟ್ಟೆ ಒಗೆಯುವಾಗ ಕೊಂಡಿ ಬಿಚ್ಚಿ ಸರ ನೀರಿಗೆ ಜಾರಿತ್ತು. ಸೋಮವಾರ ಗಂಡ ಕರೆದೊಯ್ಯಲು ಬರುವವನು. "ಬರಿಗೊರಳಾಗ ಹೆಂಗ ಕಳಸ್ಲೆಪ್ಪಾ" ಎಂದು ಹುಲಿಗೆಮ್ಮ ಅತ್ತಳಂತೆ. ಅವಳು ಕಾಲುವೆಗೆ ನೀರು ಬಿಡುವ ನೀರಗಂಟಿಯ ಕೈಕಾಲು ಹಿಡಿದು, ಭಾನುವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರ ತನಕ ಕಾಲುವೆಯ ತೂಬು ಮುಚ್ಚಿಸಲು ಒಪ್ಪಿಸಿದ್ದಳು. ಕೆಳಗಿನ ಗದ್ದೆಯವರು ನೀರಿಗೆ ಕಾದಿರುತ್ತಾರೆ, ಒಂಬತ್ತರ ಮೇಲೆ ಒಂದು ನಿಮಿಷವೂ ಆಗುವುದಿಲ್ಲ ಎಂದು ಅವನು ಮೊದಲೇ ಹೇಳಿಬಿಟ್ಟಿದ್ದ.

ಮಾಮ ಸಂಡೂರಿನಿಂದ ಮೊದಲ ಬಸ್ಸಿಗೆ ಬಂದರು. ನನ್ನ ಸ್ಕೂಟರಿನಲ್ಲಿ ಇಬ್ಬರೂ ಹೊರಟೆವು. ಕಂಪ್ಲಿಗೆ ಹೋಗುವ ರಸ್ತೆ ಕಮಲಾಪುರದ ಮೇಲೆಯೇ ಹಾಯುತ್ತದೆ. ಅಲ್ಲಿ ಅಂದು ತಪಾಸಣೆ ನಡೆದಿತ್ತು. ಪೊಲೀಸಿನವರೊಬ್ಬರು ಸ್ಕೂಟರು ಪಕ್ಕಕ್ಕೆ ಹಾಕಿಸಿ, ಕಾಲಿನ ಬಳಿಯಿದ್ದ ಚೀಲದ ಜಿಪ್ ಎಳೆದರು. ಮೊದಲು ಆನಿ ಚಣ್ಣ ಬಂತು. ಅದರ ಕೆಳಗಿನಿಂದ ಯಂತ್ರ.

"ಏನ್ರಿ ಇದು?"

"ಲೋಹ ಹುಡುಕೋದು ಸಾರ್. ಕಂಪ್ಲಿಗೆ ಹೊಂಟೀವಿ. ಒಬ್ಬಾಕಿದು ಸರ ಕಳದೈತಿ."

"ಹಂಪಿ ಬಾಗಲಾಗ ನಿಂತು ಈ ಮಾತು ಹೇಳ್ತೀರಲ್ಲ. ಯಾವ ಗುಡ್ಡಕ್ಕ ಹೊಂಟಿದ್ರಿ, ಖರೇ ಹೇಳ್ರಿ."

ಅವರು ಗದರಲಿಲ್ಲ. ಆ ತಣ್ಣನೆಯ ದನಿಗೇ ಪೇಪರಿನಲ್ಲಿ ಬರುವ ಸುದ್ದಿ ಕಣ್ಣೆದುರು ಬಂತು, ಶಿಕ್ಷಕಿ ಎಂಬ ಮಾತಿನ ಪಕ್ಕದಲ್ಲಿ ನನ್ನ ಹೆಸರು. ಮಾಮ ತಮ್ಮ ಪಿಂಚಣಿಯ ಕಾರ್ಡು ತೋರಿಸಿದರು, ನಾನು ಶಾಲೆಯ ಗುರುತಿನ ಚೀಟಿ ತೋರಿಸಿದೆ. ಕೊನೆಗೆ ಹುಲಿಗೆಮ್ಮನಿಗೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ. ಆಕೆ ಏನು ಹೇಳಿದಳೋ, ಅವರು ಬಹಳ ಹೊತ್ತು ಕೇಳಿ, ಆ ಕಡೆಯಿಂದ ಅಳು ಕೇಳಿತೆಂದು ಕಾಣುತ್ತದೆ, ಫೋನು ಹಿಂದಿರುಗಿಸಿದರು. ಇಬ್ಬರ ಹೆಸರು, ವಿಳಾಸ, ಗಾಡಿ ನಂಬರು ಬರೆದುಕೊಂಡರು. "ಹೋಗ್ರಿ. ವಾಪಸ್ ಬರೋವಾಗ ಇಲ್ಲೇ ನಿಂತು ತೋರಿಸಿ ಹೋಗ್ಬೇಕು" ಅಂದರು. ತಮ್ಮ ಕೆಲಸ ಅವರು ಸರಿಯಾಗಿಯೇ ಮಾಡಿದರು. ಆದರೆ ನಮ್ಮ ಮುಕ್ಕಾಲು ತಾಸು ಅಲ್ಲೇ ಕರಗಿತು.

ಕಾಲುವೆಗೆ ಮುಟ್ಟಿದಾಗ ಎಂಟೂಕಾಲು. ನೀರು ಇಳಿದು ಮೊಣಕಾಲಿಗೆ ಬಂದಿತ್ತು. ಕಲ್ಲಿನ ಹಳೆಯ ಕಾಲುವೆ, ಎರಡೂ ಬದಿ ಆಳೆತ್ತರದ ಗೋಡೆ, ಇಳಿಯಲು ಒಂದೇ ಮೆಟ್ಟಿಲು. ಮೆಟ್ಟಿಲಿನಿಂದ ಮೂವತ್ತು ಹೆಜ್ಜೆ ಕೆಳಗೆ ಕಾಲುವೆ ರಸ್ತೆಯ ಅಡಿ ಮೋರಿಯೊಳಗೆ ನುಗ್ಗುತ್ತಿತ್ತು. ಹುಲಿಗೆಮ್ಮ ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ನಿಂತಿದ್ದಳು, ಅಲ್ಲಿಂದಲೇ ಹುಲ್ಲಿಗೆ ಹೋಗುವವಳು. ಈರಮ್ಮ ಸೆರಗಿನಿಂದ ಕೊರಳು ಮುಚ್ಚಿಕೊಂಡಿದ್ದಳು, ನಮ್ಮನ್ನು ನೋಡಿದಾಗಲೂ ತೆಗೆಯಲಿಲ್ಲ. ಮಾಮ ಆನಿ ಚಣ್ಣ ಏರಿಸಿದರು. ನನ್ನದು ಆ ಹಳೆಯ ನೈಲಾನ್ ಪ್ಯಾಂಟೇ. ಇಬ್ಬರೂ ಇಳಿದೆವು.

ಬಂಗಾರ ಭಾರ, ನೀರಿನ ಜೊತೆ ಬಹಳ ದೂರ ಹೋಗುವುದಿಲ್ಲ ಎಂಬುದು ಮಾಮನ ಲೆಕ್ಕ. ಮೆಟ್ಟಿಲಿನಿಂದ ಹಿಡಿದು ಒಂದೊಂದೇ ಗೇಣು ಸುರುಳಿ ಆಡಿಸುತ್ತ ಹೋದರು. ಯಂತ್ರ ಕೂಗಿದಲ್ಲೆಲ್ಲ ನಾನು ಜಾಲರಿ ಬುಟ್ಟಿಯಿಂದ ರಾಡಿ ಎತ್ತುತ್ತಿದ್ದೆ. ಮೊಳೆ ಬಂತು. ಬಾಟಲಿಯ ಮುಚ್ಚಳ ಬಂತು. ತುಕ್ಕು ಹಿಡಿದ ಬಳೆಯಂಥದ್ದೊಂದು ಬಂದಾಗ ಮೇಲಿದ್ದ ಈರಮ್ಮ ಎರಡು ಮೆಟ್ಟಿಲು ಇಳಿದಳು, ನೋಡಿ ಮತ್ತೆ ಹತ್ತಿದಳು. ಗಡಿಯಾರ ನೋಡುವ ಕೆಲಸವನ್ನು ಮಾಮ ನನಗೆ ವಹಿಸಿದ್ದರು. ಎಂಟೂ ಮುಕ್ಕಾಲಕ್ಕೆ ಹೇಳಿದೆ. ಒಂಬತ್ತಕ್ಕೆ ಐದು ನಿಮಿಷವಿದ್ದಾಗ, ಸಾಕು ಮೇಲೆ ಹೋಗೋಣ ಎಂದೆ. ಆ ಹೊತ್ತಿಗೆ ಮಾಮ ಮೋರಿಯ ಬಾಯಿಗೆ ಹತ್ತು ಹೆಜ್ಜೆಯಲ್ಲಿದ್ದರು. ಒಮ್ಮೆಲೇ ಕೈ ಎತ್ತಿದರು.

"ಇದು ಕಬ್ಬಿಣ ಅಲ್ಲ."

"ಮಾಮ, ಹೊತ್ತಾತ್ರಿ."

"ದನಿ ಬ್ಯಾರೆ ಐತಿ. ನೀರಗಂಟಿಗೆ ಫೋನ್ ಹಚ್ಚು, ಹತ್ತು ನಿಮಿಷ ಕೇಳು."

ಹುಲಿಗೆಮ್ಮ ಫೋನ್ ಹಚ್ಚಿದಳು. ಅತ್ತ ಗಂಟೆ ಬಾರಿಸುತ್ತಿತ್ತು, ಎತ್ತುವವರಿಲ್ಲ. ಮತ್ತೆ ಹಚ್ಚಿದಳು. ತೂಬು ಅರ್ಧ ಮೈಲಿ ಮೇಲಿದೆ, ಬಿಟ್ಟರೂ ನೀರು ಬರಲು ಹೊತ್ತು ಹಿಡಿಯುತ್ತದೆ ಎಂದು ನಾನೂ ಲೆಕ್ಕ ಹಾಕಿದೆ. ನಿಜ ಹೇಳಬೇಕೆಂದರೆ, ಆ ದನಿ ಬೇರೆಯಾಗಿದೆ ಎಂದ ಕೂಡಲೇ ನನಗೂ ಆಸೆ ಹುಟ್ಟಿತ್ತು. ನಾನು ಆಗಲೇ ಮೆಟ್ಟಿಲ ಬಳಿ ಹೋಗಿದ್ದೆ. ಅಲ್ಲೇ ನಿಂತು ಕಾದೆ. ಮಾಮ ಯಂತ್ರವನ್ನು ಗೋಡೆಗೆ ಒರಗಿಸಿ, ಮಂಡಿಯೂರಿ, ತೋಳು ಕಂತುವ ತನಕ ಕೆಸರಿಗೆ ಕೈ ಹಾಕಿದರು.

ಸದ್ದು ಮೊದಲು ಕೇಳಿಸಿತು. ಒಣ ಎಲೆಗಳ ಮೇಲೆ ಯಾರೋ ಚಾಪೆ ಎಳೆದ ಹಾಗೆ. ತಿರುಗಿ ನೋಡಿದರೆ ಕಂದು ನೀರು ಗೋಡೆಯಿಂದ ಗೋಡೆಗೆ ತುಂಬಿ ಬರುತ್ತಿತ್ತು. ಏಳ್ರಿ ಎಂದು ಕೂಗಿದೆ. ಮಂಡಿಯೂರಿದ ಮನುಷ್ಯ ಏಳುವಷ್ಟರಲ್ಲಿ ಅದು ಅವರ ಬೆನ್ನಿಗೆ ಬಡಿದು, ಎದೆಯ ಅಂಚಿನಿಂದ ಪ್ಯಾಂಟಿನೊಳಗೆ ಸುರಿಯಿತು. ಒಂದು ತೂತೂ ಇಲ್ಲದ ಪ್ಯಾಂಟು ಕಣ್ಣೆದುರೇ ಕೊಡದ ಹಾಗೆ ಉಬ್ಬಿತು. ಮಾಮ ಒಮ್ಮೆ ನಿಲ್ಲಲು ನೋಡಿದರು, ಕಾಲು ಎತ್ತಲಾಗಲಿಲ್ಲ, ಮಗ್ಗುಲಿಗೆ ಬಿದ್ದರು. ನೀರು ಅವರನ್ನು ಮೋರಿಯ ಕಡೆ ಜಗ್ಗತೊಡಗಿತು.

ನಾನು ಹೇಗೆ ಅಲ್ಲಿಗೆ ಮುಟ್ಟಿದೆನೋ ನೆನಪಿಲ್ಲ. ಹೆಗಲ ಪಟ್ಟಿ ಕೈಗೆ ಸಿಕ್ಕಿತು, ಹಿಡಿದೆ. ಅಷ್ಟರಲ್ಲಿ ಹುಲಿಗೆಮ್ಮ ಗೋಡೆಯ ಮೇಲಿನಿಂದಲೇ ಧುಮುಕಿ ಮೋರಿಗೆ ಬೆನ್ನು ಕೊಟ್ಟು ನಿಂತಳು. ಮಾಮನ ಕಾಲು ಅವಳ ಹೊಟ್ಟೆಗೆ ಒತ್ತಿಕೊಂಡಿತ್ತು. ಇಬ್ಬರೂ ಸೇರಿ ಎತ್ತಿದೆವು. ತಲೆ ಮೇಲೆ ಬರುತ್ತಿತ್ತು, ಸೊಂಟದ ಕೆಳಗೆ ಎರಡು ಹಂಡೆ ನೀರು ಕಟ್ಟಿದಂಥ ಭಾರ, ಮತ್ತೆ ತಲೆ ಮುಳುಗುತ್ತಿತ್ತು. ಮಾಮ ಕಣ್ಣು ತೆರೆದೇ ಇದ್ದರು, ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದಾಗ ಮಾತು ಬರಲಿಲ್ಲ, ನೀರು ಹೋಯಿತು.

"ಅಕ್ಕಾರ, ತಲಿ ಹಿಡೀರಿ, ಬಿಡಬ್ಯಾಡ್ರಿ" ಎಂದು ಹುಲಿಗೆಮ್ಮ ಸೊಂಟದ ಕುಡುಗೋಲು ಕಿತ್ತಳು. ಎರಡು ಪಟ್ಟಿ ಕೊಯ್ದಳು. ಆಮೇಲೆ ನೀರೊಳಗೆ ಕೈ ಇಳಿಸಿ, ಕಾಣದೆಯೇ, ತೊಡೆಯಿಂದ ಕೆಳಕ್ಕೆ ಒಂದೇ ಎಳೆತಕ್ಕೆ ಸೀಳಿದಳು. ನೀರು ಕೆಂಪಾಯಿತು. ಆದರೆ ಮಾಮ ಹಗುರಾದರು. ಒಬ್ಬೊಬ್ಬರು ಒಂದೊಂದು ರಟ್ಟೆ ಹಿಡಿದು, ಗೋಡೆಗೆ ಒತ್ತಿಕೊಂಡು, ಮೆಟ್ಟಿಲ ತನಕ ಎಳೆದೆವು. ಮೇಲಿನಿಂದ ಈರಮ್ಮ ಅಂಗಿಯ ಕಾಲರು ಹಿಡಿದು ಜಗ್ಗಿದಳು. ಆಗ ಅವಳ ಸೆರಗು ಕೊರಳಿನಿಂದ ಜಾರಿತ್ತು, ಅದರ ಅರಿವು ಅವಳಿಗಿರಲಿಲ್ಲ.

ಮಗ್ಗುಲಿಗೆ ಮಲಗಿಸಿದ ಮೇಲೆ ಮಾಮ ಕೆಮ್ಮಿದರು, ಬಹಳ ನೀರು ಕಾರಿದರು. ಅವರ ಬಲಗೈ ಮುಷ್ಟಿ ಬಿಗಿದೇ ಇತ್ತು. ಈರಮ್ಮ ಒಂದೊಂದೇ ಬೆರಳು ಬಿಡಿಸಿದಳು. ಅಂಗೈಯಲ್ಲಿ ಎತ್ತಿನ ಕೊರಳಿನ ಒಂದು ಹಿತ್ತಾಳೆ ಗೆಜ್ಜೆ. ಅವಳು ಅದನ್ನು ನೋಡಿ, ಮಾಮನ ಅಂಗೈಯನ್ನು ಮತ್ತೆ ಮುಚ್ಚಿ, ಆ ಕೈಯನ್ನು ಹಾಗೇ ಹಿಡಿದುಕೊಂಡು ಕುಳಿತಳು. ಸರ ಸಿಗಲಿಲ್ಲ. ಯಂತ್ರವೂ ಮೋರಿಯ ಪಾಲಾಗಿತ್ತು.

ಹೊಸಪೇಟೆಯ ಆಸ್ಪತ್ರೆಯಲ್ಲಿ ನಾಲ್ಕು ದಿನ. ತೊಡೆಗೆ ಹೊಲಿಗೆ, ಎದೆಯಲ್ಲಿ ಕಫ. ಎರಡನೆಯ ದಿನ ಈರಮ್ಮ ಗಂಡನ ಜೊತೆ, ಅತ್ತೆಯ ಜೊತೆ ಬಂದಳು. ನಾವೆಲ್ಲ ಹೆದರಿದ್ದು ಆ ಅತ್ತೆಗೇ. ಆಕೆ ಹಾಸಿಗೆಯ ಪಕ್ಕ ನಿಂತು ಮಾಮನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಒಂದು ಸರಕ್ಕ ಇಷ್ಟು ವಯಸ್ಸಿನವರನ್ನ ನೀರಿಗೆ ಇಳಿಸಿದ್ರೇನು ನೀವು" ಎಂದು ಸೊಸೆಯನ್ನು ಬೈದಳು. ಸರದ ಬಗ್ಗೆ ಅವಳು ಆಡಿದ್ದು ಅಷ್ಟೇ. ಈರಮ್ಮನ ಕೊರಳಲ್ಲಿ ಅರಿಶಿನದ ದಾರ ಕಂಡಿತು.

ಇನ್ನು ನನ್ನ ಸಂಗತಿ. ಮಾಮ ಮನೆಗೆ ಹೋದ ವಾರದ ಮೇಲೆ ನಾನು ಸ್ಕೂಟರು ತೊಳೆಯುತ್ತಿದ್ದೆ. ಸೀಟಿನ ಹಿಂದೆ ದುರ್ಬೀನಿನ ಪೆಟ್ಟಿಗೆ ಕಟ್ಟಲು ಬಳಸುವ ಕಪ್ಪು ಪಟ್ಟಿಯನ್ನು ಬಿಚ್ಚಿದೆ. ಗಟ್ಟಿ ನೇಯ್ಗೆ, ಕಟ್ಟೆಂದು ಕೂರುವ ಬಕಲು. ಅದು ಎಲ್ಲಿಂದ ಬಂತೆಂದು ಆ ಕ್ಷಣದಲ್ಲಿ ಹೊಳೆಯಿತು. ಆನಿ ಚಣ್ಣದ ಡಬ್ಬಿಯಲ್ಲಿ ಬೇರೆಯಾಗಿ ಮಡಿಸಿ ಇಟ್ಟಿದ್ದ ಪಟ್ಟಿ. ಹೆಗಲಿಗೆ ಎರಡು ಇರುವಾಗ ಇದೊಂದು ಹೆಚ್ಚಿಗೆ ಎಂದುಕೊಂಡು ನಾನು ಎತ್ತಿಕೊಂಡಿದ್ದೆ. ಒಳಗೆ ಓಡಿ ಡಬ್ಬಿಯ ಕಾಗದ ಹುಡುಕಿದೆ. ಅಂದು ನಾನು ಓದಿದ್ದು ಒಂದೇ ಸಾಲು, ತಲೆಕೆಳಗಾಗಿ ನೇತುಹಾಕಿ ಒಣಗಿಸಿರಿ ಎಂಬುದು. ಅದರ ಮೇಲೆ ದಪ್ಪ ಅಕ್ಷರದಲ್ಲಿತ್ತು: ನೀರಿಗಿಳಿಯುವ ಮುನ್ನ ಪಟ್ಟಿಯನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಿ, ಬಿದ್ದರೆ ನೀರು ಕಾಲಿನೊಳಗೆ ಇಳಿಯದಂತೆ ಅದು ತಡೆಯುತ್ತದೆ. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿರಿ ಎಂದು ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಹೇಳುತ್ತ ಬಂದವಳು ನಾನು.

ಹೇಳಿಬಿಡಬೇಕಿತ್ತು. ಹೇಳಲೆಂದೇ ಸಂಡೂರಿಗೆ ಹೋದೆ ಕೂಡ. ಬಾಗಿಲಲ್ಲೇ ಅಕ್ಕ ನನ್ನ ಎರಡೂ ಕೈ ಹಿಡಿದು ಪಕ್ಕದ ಮನೆಯವಳಿಗೆ ತೋರಿಸಿದಳು. "ಈಕೀನ ನೋಡು ನಮ್ಮ ತಂಗಿ. ಈಕಿ ತಲಿ ಎತ್ತಿ ಹಿಡಿದಿದ್ದಕ್ಕ ಅವ್ರು ಉಳಿದ್ರು." ಹೇಳದೆಯೇ ಚಹಾ ಕುಡಿದು ವಾಪಸ್ ಬಂದೆ. ಆ ಮಾತನ್ನು ಅವಳು ಮದುವೆಗಳಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಹೇಳುತ್ತಲೇ ಹೋದಳು. ಪ್ರತಿ ಸಲವೂ ನಾನು ನೆಲ ನೋಡುತ್ತಿದ್ದೆ, ಜನ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಹೋದ ವಾರ ಅಕ್ಕನ ಫೋನು ಬಂತು. "ನಿಮ್ಮ ಮಾಮ ಇನ್ನೊಂದು ಯಂತ್ರ ತರಿಸ್ಯಾರ. ಮತ್ತ ಹೊಂಟಾರ ಅಂತ. ತಡದು ತಡದು ನನಗೂ ಸಾಕಾತು. ಪ್ಯಾಂಟು ಮಾತ್ರ ನೀನ ಆರಿಸಿ ಕೊಡು. ನಿನ್ನ ಬಿಟ್ಟು ಬ್ಯಾರೆ ಯಾರ ಮ್ಯಾಲೂ ನನಗ ನಂಬಿಕಿ ಇಲ್ಲ."

ಅದಕ್ಕೇ ನಾನು ಆ ಅಂಗಡಿಯ ಸ್ಟೂಲಿನ ಮೇಲೆ ಕುಳಿತಿದ್ದೆ. ನೀರು ಕುಡಿದು ಎದ್ದು, ಮೂರು ತರಹದ ಪ್ಯಾಂಟು ಕಟ್ಟಿಸಿದೆ. ಬೂಟು ಅಂಟಿಕೊಂಡದ್ದನ್ನು ತೋರಿಸಬೇಡಿ ಎಂದೆ. ಬೇಡವಾದದ್ದನ್ನು ಹಿಂದಕ್ಕೆ ಕೊಡಬಹುದೇ ಎಂದು ಕೇಳಿ, ಅವನ ಮುಖ ಸಣ್ಣಗಾದದ್ದನ್ನು ನೋಡಿ, ಇರಲಿ ಬಿಡಿ, ಮೂರೂ ಇರಲಿ ಎಂದೆ.

ಮರುದಿನ ಸಂಡೂರು. ಮಾಮ ಹಿತ್ತಲ ಕಟ್ಟೆಯ ಮೇಲೆ ಹೊಸ ಯಂತ್ರದ ವೈರು ಬಿಚ್ಚಿಕೊಂಡು ಕೂತಿದ್ದರು. ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ಡಬ್ಬಿ, ಪಟ್ಟಿ, ಕಾಗದ, ದುರ್ಬೀನಿನ ಪೆಟ್ಟಿಗೆ, ಎಲ್ಲವನ್ನೂ. ಅಕ್ಕನ ಕೈ ಬೋಗುಣಿಯ ಮೇಲೆ ನಿಂತಿತು.

"ಎರಡು ವರ್ಷ ಆತು" ಅಂದಳು.

"ಹೂಂ."

"ಎರಡು ವರ್ಷ ನಾ ಮಂದಿಗೆಲ್ಲ ನೀನ ಉಳಿಸಿದಿ ಅಂತ ಹೇಳ್ಕೊಂತ ತಿರುಗೀನಿ. ನೀ ಕೇಳ್ಕೊಂತ ನಿಂತಿದ್ದಿ."

"ಹೂಂ, ಅಕ್ಕಾ."

ಕಟ್ಟೆಯಿಂದ ಮಾಮ ತಲೆ ಎತ್ತದೆ, "ಅದು ಇದ್ರೂ ನಾ ಕಟ್ಕೊಂತಿದ್ದಿಲ್ಲ ಬಿಡು, ಹೊಟ್ಟಿ ಬಿಗೀತೈತಿ" ಎಂದರು.

"ನೀವು ಸುಮ್ಕಿರ್ರಿ" ಅಂದಳು ಅಕ್ಕ.

ಅವಳು ಎದ್ದು ಒಳಗೆ ಹೋದಳು. ನಾನು ಬಾಗಿಲ ಕಡೆ ನೋಡುತ್ತ ನಿಂತೆ. ಚೀಲ ಎತ್ತಿಕೊಂಡು ಬಸ್ಸಿಗೆ ಹೋಗಬೇಕೋ ಇರಬೇಕೋ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಒಂದು ತುಂಬಿದ ಬಕೆಟ್ಟು ಹಿಡಿದು ಹೊರಗೆ ಬಂದಳು. ಕಣ್ಣು ಕೆಂಪಾಗಿದ್ದವು. "ತಗಿ ಅವನ್ನ" ಅಂದಳು.

ಮೊದಲ ಪ್ಯಾಂಟನ್ನು ಸೊಂಟದಲ್ಲಿ ಅಗಲಿಸಿ ಹಿಡಿದೆ. ಅಕ್ಕ ಬಕೆಟ್ಟನ್ನು ಪೂರ್ತಿ ಅದರೊಳಗೆ ಸುರುವಿದಳು. ಕಾಲಿನ ತುದಿಯ ಬಿಗಿ ಇಲಾಸ್ಟಿಕ್ಕು ನೀರು ಹಿಡಿದುಕೊಂಡಿತು. ಎರಡು ಕಾಲೂ ಉಬ್ಬಿ, ಒಳಗೆ ಯಾರೋ ನಿಂತಿರುವ ಹಾಗಾಯಿತು. ಅಕ್ಕ ಅದನ್ನು ನೋಡುತ್ತ ನಿಂತಳು. ಮಾಮನೂ ವೈರು ಬಿಟ್ಟು ನೋಡಿದರು. ಅವಳೇ ಅದನ್ನು ನನ್ನ ಕೈಯಿಂದ ಕಸಿದು ಮೂಲೆಗೆ ಒಗೆದಳು. ಎರಡನೆಯದರಿಂದ ನೀರು ನಿಧಾನ ಸೋರಿತು. ಅದೂ ಮೂಲೆಗೆ ಹೋಯಿತು. ಮೂರನೆಯದು ತೆಳು ಬಟ್ಟೆಯದು, ಕಾಲಿನ ತುದಿ ಅಗಲ. ಮಳೆಯ ಹನಿ, ಗದ್ದೆಯ ಸಿಡಿತ ತಡೆಯುತ್ತದೆ, ಅಷ್ಟೇ. ಸುರಿದ ನೀರು ದಡದಡ ಇಳಿದು ನನ್ನ ಪಾದ ತೊಯಿಸಿ ಹಿತ್ತಲ ಕೆಂಪು ಮಣ್ಣಿಗೆ ಹರಿಯಿತು.

"ಇನ್ನೊಮ್ಮೆ ಹಿಡಿ" ಅಂದಳು.

ಮತ್ತೆ ಬಕೆಟ್ಟು ತುಂಬಿ ತಂದಳು. ಹೀಗೆ ನಾಲ್ಕು ಸಲ. ನಾಲ್ಕೂ ಸಲ ನೀರು ನಿಲ್ಲಲಿಲ್ಲ. ಐದನೆಯ ಸಲಕ್ಕೆ ಬಕೆಟ್ಟು ಎತ್ತಿದವಳು ಹಾಗೇ ಕೆಳಗಿಟ್ಟಳು.

"ಇದು ಹಾಕ್ಕೊಂಡ್ರ ಕಾಲು ಒದ್ದಿ ಆಗ್ತಾವಲ್ಲ ಅಕ್ಕಾ. ಡಾಕ್ಟರು ಬ್ಯಾಡ ಅಂದಾರ" ಎಂದೆ.

ಅಕ್ಕ ಒದ್ದೆ ಪ್ಯಾಂಟನ್ನು ಹಿಂಡಿ ಹಗ್ಗದ ಮೇಲೆ ಹಾಕಿದಳು. ಹೆಗಲ ಮೇಲಿದ್ದ ಟವೆಲ್ಲು ತೆಗೆದು ನನ್ನ ಕಡೆ ಚಾಚಿದಳು.

"ಆದ್ರ ಆಗ್ಲಿ. ಮನಿಗೆ ಬಂದ ಮ್ಯಾಲ ನಾ ಒರಸ್ತೀನಿ. ನೀ ಮೊದ್ಲು ನಿನ್ನ ಕಾಲು ಒರಸ್ಕೋ, ಊಟಕ್ಕ ಹೊತ್ತಾತು."